ಬೆಳಿಗ್ಗೆ ಒಂದು ಮಾತು, ರಾತ್ರಿ ಮೂರು ಸಾಲು: ಮನೆಯ ಮಾತು ಮೆತ್ತಗಾಗಲು ಒಂದು ವಹಿ

ದಸರೆಯ ಸಂಜೆ ಬನ್ನಿ ಎಲೆ ಕೈಗಿಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅನ್ನುವ ರೂಢಿ ಕಲಬುರಗಿ, ಬೀದರ, ಯಾದಗಿರಿ ಕಡೆಯವರಿಗೆ ಹೇಳಿಕೊಡಬೇಕಾದದ್ದಲ್ಲ. ವರ್ಷದಿಂದ ಮಾತು ಬಿಟ್ಟ ಅಣ್ಣತಮ್ಮಂದಿರೂ ಆ ಹೊತ್ತು ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿಯುತ್ತಾರೆ. ಸಂಕ್ರಾಂತಿಗೆ ಎಳ್ಳು-ಬೆಲ್ಲ ಕೊಟ್ಟು "ಒಳ್ಳೆ ಮಾತಾಡೋಣು" ಅನ್ನುವುದೂ ಅದೇ ಜಾತಿಯ ಮಾತು. ಈಗ ಪಾಸಿಟಿವ್ ಅಫರ್ಮೇಶನ್ ಅನ್ನುವುದರ ತಿರುಳು ಇದರಲ್ಲೇ ಇದೆ: ಹೀಗಿರುತ್ತೇನೆ ಎಂದು ಬಾಯಿಬಿಟ್ಟು ಹೇಳಿಕೊಳ್ಳುವುದು. ಕೊರತೆ ಇರುವುದು ಮರುದಿನದಲ್ಲಿ. ಬಂಗಾರದಂಗ ಇರಬೇಕಾದರೆ ನಾಳೆ ಸಂಜೆ ಏಳು ಗಂಟೆಗೆ ಏನು ಮಾಡಬೇಕು ಎಂದು ಆ ಮಾತು ಹೇಳುವುದಿಲ್ಲ. ಮಾಡಿದೆವೋ ಇಲ್ಲವೋ ಎಂದು ಯಾರೂ ಹಿಂತಿರುಗಿ ನೋಡುವುದಿಲ್ಲ. ಇಲ್ಲಿ ಹೇಳುವ ವಿಧಾನ ಆ ಎರಡನ್ನೂ ಕೂಡಿಸುತ್ತದೆ. ಬೆಳಿಗ್ಗೆ ಒಂದು ಸಂಕಲ್ಪದ ಮಾತು, ರಾತ್ರಿ ವಹಿಯಲ್ಲಿ ಮೂರು ಸಾಲು. ಎರಡೂ ಸೇರಿ ಹತ್ತು ನಿಮಿಷ ಮೀರಬಾರದು. ಮೀರಿದರೆ ಅದು ಮನೆಯವರಿಗೆ ಇನ್ನೊಂದು ಕೆಲಸವಾಗಿ, ಎರಡನೇ ವಾರಕ್ಕೆ ನಿಂತುಹೋಗುತ್ತದೆ.

ಮೊದಲು ಬಿಸಿ ಗಳಿಗೆ ಹುಡುಕಿ

ಸಂಕಲ್ಪದ ಮಾತು ಕಟ್ಟುವ ಮೊದಲು ನಾಲ್ಕು ದಿನ ಏನನ್ನೂ ಬದಲಿಸದೆ ಸುಮ್ಮನೆ ಗಮನಿಸಿ. ಮನೆಯಲ್ಲಿ ದನಿ ಏರಿದಾಗಲೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಒಂದು ಚುಕ್ಕೆ, ಪಕ್ಕದಲ್ಲಿ ಎಷ್ಟು ಗಂಟೆ ಎಂಬುದು. ಅಷ್ಟೇ. ಯಾರು ಕೂಗಿದರು, ಯಾಕೆ ಕೂಗಿದರು ಎಂದು ಬರೆಯಬೇಡಿ. ಬರೆದರೆ ಆ ಕ್ಯಾಲೆಂಡರೇ ಹೊಸ ಜಗಳಕ್ಕೆ ಕಾರಣವಾಗುತ್ತದೆ.

ಸಾಮಾನ್ಯವಾಗಿ ಚುಕ್ಕೆಗಳು ಎಲ್ಲೆಂದರಲ್ಲಿ ಬೀಳುವುದಿಲ್ಲ, ಒಂದೆರಡು ಹೊತ್ತಿಗೆ ಗುಂಪುಗೂಡುತ್ತವೆ. ಮಕ್ಕಳು ಸಾಲಿಗೆ ಹೊರಡುವ ಮುಂಚಿನ ಅರ್ಧ ಗಂಟೆ. ನಳದ ನೀರು ಬರುವ ದಿನ ಕೊಡ, ಡ್ರಮ್ಮು ತುಂಬುವ ಹೊತ್ತು. ಸಂಜೆ ಏಳರಿಂದ ಎಂಟೂವರೆ: ಹಂಚು ಕಾದಿರುತ್ತದೆ, ಒಂದು ಕಡೆ ರೊಟ್ಟಿ ಬಡಿಯಬೇಕು, ಇನ್ನೊಂದು ಕಡೆ ಹೋಮ್‌ವರ್ಕ್ ನೋಡಬೇಕು, ಅದೇ ಹೊತ್ತಿಗೆ ಕರೆಂಟು ಹೋಗುತ್ತದೆ. ಬೇಸಿಗೆಯಲ್ಲಿ ಲೆಕ್ಕ ಬೇರೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ, ಮಕ್ಕಳಿಗೆ ರಜೆ, ಹೊರಗೆ 42 ಡಿಗ್ರಿ ಬಿಸಿಲು. ಮಧ್ಯಾಹ್ನವೆಲ್ಲ ಮನೆಮಂದಿ ಒಂದೇ ಕೂಲರಿನ ಮುಂದೆ ಇರುತ್ತಾರೆ. ಚುಕ್ಕೆಗಳೂ ಎರಡರಿಂದ ಐದು ಗಂಟೆಯ ನಡುವೆ ಬಂದು ಕೂಡುತ್ತವೆ. ಹಾಗಾಗಿ ದಸರೆಗೆ ಕಟ್ಟಿದ ಮಾತು ಬೇಸಿಗೆಗೆ ನಡೆಯಲಿಕ್ಕಿಲ್ಲ. ಬೇಸಿಗೆ ಬಂದಾಗ ಚುಕ್ಕೆಯ ಕೆಲಸ ಇನ್ನೊಮ್ಮೆ ಮಾಡಿ.

ಈ ಹಂತ ಬಿಟ್ಟು ನೇರವಾಗಿ "ನಾವೆಲ್ಲರೂ ಪ್ರೀತಿಯಿಂದ ಇರುತ್ತೇವೆ" ಎಂದು ಗೋಡೆಗೆ ಬರೆದು ಹಾಕುವ ಮನೆಗಳೇ ಹೆಚ್ಚು. ಬಹಳಷ್ಟು ಸಲ ಪ್ರೀತಿ ಕಡಿಮೆಯಾಗಿ ದನಿ ಏರುವುದಿಲ್ಲ. ಒಬ್ಬರ ಎರಡು ಕೈಗೆ ಮೂರು ಕೆಲಸ ಬಿದ್ದಾಗ ಏರುತ್ತದೆ. ಚುಕ್ಕೆ ಹಾಕಿದವರಿಗೆ ಇದು ತಾನಾಗಿ ಕಾಣುತ್ತದೆ. ಕೆಲವು ಮನೆಗಳಲ್ಲಿ ಹೋಮ್‌ವರ್ಕನ್ನು ಸಂಜೆ ಐದೂವರೆಗೆ ಸರಿಸಿದರೆ ಅರ್ಧ ಚುಕ್ಕೆ ಕಡಿಮೆಯಾಗುತ್ತವೆ. ಹಾಗೆ ಸರಿಸಲು ಬರುವುದನ್ನು ಮೊದಲು ಸರಿಸಿ. ಉಳಿದ ಗಳಿಗೆಗೆ ಸಂಕಲ್ಪದ ಮಾತು ಕಟ್ಟಿ.

ಮಾತು ಕಟ್ಟುವ ಬಗೆ

ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ, ಅದಕ್ಕೇ ನಿಧಾನವಾಗಿ ನೋಡೋಣ. "ನಾನು ಶಾಂತ ಸ್ವಭಾವದವಳು", "ನಾನು ದಯಾಮಯಿ ತಂದೆ" ಎಂಬಂಥ ಮಾತುಗಳನ್ನು ದಿನಾ ಹತ್ತು ಸಲ ಹೇಳಿಕೊಂಡರೆ ಸಾಕು ಎಂದು ಅನೇಕರು ಕಲಿಸುತ್ತಾರೆ. ಕೆನಡಾದ ಜೋವಾನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮ ಬಗ್ಗೆ ಮೊದಲೇ ಕೀಳಾಗಿ ಭಾವಿಸುವವರು "ನಾನು ಪ್ರೀತಿಗೆ ಅರ್ಹ ವ್ಯಕ್ತಿ" ಎಂದು ಹೇಳಿಕೊಂಡಾಗ ಅವರ ಮನಸ್ಸು ಇನ್ನಷ್ಟು ಕುಗ್ಗಿದ್ದು ಕಂಡುಬಂತು. ಕಾರಣ ತಿಳಿಯುವುದು ಕಷ್ಟವಲ್ಲ. ನಿನ್ನೆ ರಾತ್ರಿ ಮಗನಿಗೆ ಒದರಿದ ತಾಯಿ ಬೆಳಿಗ್ಗೆ ಎದ್ದು "ನಾನು ಶಾಂತಳು" ಅಂದರೆ ಒಳಗಿನಿಂದ "ಸುಳ್ಳು" ಎಂಬ ಉತ್ತರ ಬರುತ್ತದೆ. ತಾನೇ ನಂಬದ ಮಾತು ಭಾರವಾಗುತ್ತದೆ. ಅದರ ಬದಲು ಮಾತು ಒಂದು ಕೆಲಸದ ಕಡೆ ಬೆರಳು ತೋರಿಸಬೇಕು. "ಹಿಂಗಾದ್ರ ಹಿಂಗ ಮಾಡ್ತೀನಿ" ಎಂಬ ಅಚ್ಚಿನಲ್ಲಿ ಇಳಿದ ಸಂಕಲ್ಪ, ಬರೀ "ಛಲೋ ಆಗ್ತೀನಿ" ಎಂಬ ಸಂಕಲ್ಪಕ್ಕಿಂತ ಹೆಚ್ಚು ನಡೆಯುತ್ತದೆ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಿಂದಲೇ ತೋರಿಸಿದ್ದಾರೆ.

ಒಂದೇ ಮಾತು ಹೇಗೆ ಹದಕ್ಕೆ ಬರುತ್ತದೆ ನೋಡಿ. ಏಳು ವರ್ಷದ ಮಗನಿಗೆ ಲೆಕ್ಕ ಹೇಳಿಕೊಡುವಾಗ ಸಿಟ್ಟಿಗೇಳುವ ತಾಯಿ ಎಂದುಕೊಳ್ಳಿ.

ಮೊದಲ ಸಲ ಆಕೆ ಬರೆಯುವುದು: "ನಾನು ಎಂದಿಗೂ ಕೋಪಿಸಿಕೊಳ್ಳುವುದಿಲ್ಲ." ಇದು ಪುಸ್ತಕದ ಕನ್ನಡ, ಸಾಲದ್ದಕ್ಕೆ "ಎಂದಿಗೂ". ಮೊದಲ ದಿನವೇ ಮುರಿಯುತ್ತದೆ.

ಎರಡನೆಯದು: "ಸಿಟ್ಟು ಕಡಿಮಿ ಮಾಡ್ಕೋತೀನಿ." ಭಾಷೆ ಮನೆಯದಾಯಿತು. ಆದರೆ ಯಾವಾಗ, ಎಷ್ಟು, ಏನು ಮಾಡಿ? ರಾತ್ರಿ ಕುಳಿತು ಇದು ನಡೆಯಿತೇ ಎಂದು ಕೇಳಿಕೊಂಡರೆ ಹೌದು ಅನ್ನಲೂ ಬರುವುದಿಲ್ಲ, ಇಲ್ಲ ಅನ್ನಲೂ ಬರುವುದಿಲ್ಲ.

ಮೂರನೆಯದು: "ಮಗ ಲೆಕ್ಕ ತಪ್ಪು ಮಾಡಿದ್ರ, ಮೊದಲ ಸರಿ ಇದ್ದದ್ದು ಒಂದು ತೋರಸ್ತೀನಿ, ಆಮ್ಯಾಲ ತಪ್ಪು ಹೇಳ್ತೀನಿ." ಇದು ನಿಲ್ಲುವ ಮಾತು. ಯಾವಾಗ ಎಂಬುದಿದೆ, ಕೈಯಿಂದ ಮಾಡುವ ಕೆಲಸವಿದೆ, ರಾತ್ರಿ ಅಳೆಯಲು ಬರುತ್ತದೆ. ಸಿಟ್ಟು ಬರಬಾರದು ಎಂದು ಅದು ಕೇಳುವುದೇ ಇಲ್ಲ. ಬಂದಾಗ ಕೈಗೊಂದು ಕೆಲಸ ಕೊಡುತ್ತದೆ.

ಮಾತು ಉಸಿರು ಕಟ್ಟದೆ ಒಂದೇ ಸಲ ಹೇಳುವಷ್ಟಿರಬೇಕು, ಹನ್ನೆರಡು-ಹದಿನೈದು ಪದಕ್ಕಿಂತ ಹೆಚ್ಚು ಬೇಡ. ಒಬ್ಬರಿಗೆ ಒಂದೇ ಮಾತು. ಇನ್ನೊಬ್ಬರನ್ನು ತಿದ್ದುವ ಮಾತು ಬೇಡ: "ಅತ್ತಿಯವರು ನನ್ನ ಅರ್ಥ ಮಾಡ್ಕೋತಾರ" ಎಂಬುದು ಸಂಕಲ್ಪವಲ್ಲ, ಆಸೆ. ಮುಖ್ಯವಾಗಿ, ಸಿಟ್ಟು ಬಂದಾಗ ಯಾವ ಭಾಷೆ ಬಾಯಿಗೆ ಬರುತ್ತದೋ ಸಂಕಲ್ಪವೂ ಅದರಲ್ಲೇ ಇರಲಿ. ಔರಾದ್, ಭಾಲ್ಕಿ ಕಡೆ ಮನೆಮಾತು ಮರಾಠಿ ಇರಬಹುದು, ಸೇಡಂ, ಗುರುಮಠಕಲ್ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಊರೂರಲ್ಲಿ ದಖನಿ. ಕನ್ನಡ ಲಿಪಿಯಲ್ಲಿ ಆ ಭಾಷೆಯನ್ನೇ ಬರೆದುಕೊಂಡರಾಯಿತು. ಪ್ರಮಾಣ ವಚನದ ಭಾಷೆಯಲ್ಲಿ ಹೇಳಿದ ಮಾತು ಜಗಳದ ಹೊತ್ತಿಗೆ ನೆನಪಿಗೆ ಬರುವುದಿಲ್ಲ.

ನಮೂನೆಗೆ ಕೆಲವು ಮಾತು ಕೆಳಗಿವೆ. ಹಾಗೇ ನಕಲು ಮಾಡದೆ ನಿಮ್ಮ ಚುಕ್ಕೆ ನೋಡಿ ಬದಲಿಸಿಕೊಳ್ಳಿ.

ಅಪ್ಪನಿಗೆ: "ಕೆಲಸದಿಂದ ಬಂದ ಕೂಡ್ಲೆ ಮೊಬೈಲ್ ಕಪಾಟದಾಗ ಇಟ್ಟು, ಒಬ್ಬೊಬ್ಬರಿಗಿ ಒಂದೊಂದು ಮಾತು ಕೇಳ್ತೀನಿ."
ಅತ್ತೆಗೆ: "ಸೊಸಿ ಮಾಡಿದ ಅಡಗಿ ಬಗ್ಗಿ ಏನರ ಹೇಳೋದಿದ್ರ, ಮಂದಿ ಮುಂದ ಹೇಳಲ್ಲ, ಇಬ್ಬರೇ ಇದ್ದಾಗ ಹೇಳ್ತೀನಿ."
ಸೊಸೆಗೆ: "ಮನಸಿಗಿ ಹತ್ತಿದ ಮಾತು ಮೂರು ದಿನ ನುಂಗಂಗಿಲ್ಲ, ಅದೇ ದಿನ ಮೆಲ್ಲಕ ಕೇಳ್ತೀನಿ."
ಹದಿನಾಲ್ಕರ ಮಗಳಿಗೆ: "ತಮ್ಮ ನನ್ನ ಸಾಮಾನ ಮುಟ್ಟಿದ್ರ, ಕಸ್ಗೊಳ್ಳೋ ಮೊದಲ ಒಂದು ಸಲ ಬಾಯಿಲೆ ಕೇಳ್ತೀನಿ."
ಮುತ್ಯಾನಿಗೆ: "ಮೊಮ್ಮಕ್ಕಳು ಗದ್ದಲ ಮಾಡಿದ್ರ, ಬೈಯೋ ಮೊದಲ ಹೆಸರಿಡಿದು ಹತ್ರ ಕರೀತೀನಿ."

ಮೂರರಿಂದ ಆರು ವರ್ಷದ ಮಕ್ಕಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. "ಸಹಾಯ ಮಾಡು" ಅನ್ನುವುದಕ್ಕಿಂತ "ಸಹಾಯ ಮಾಡೋ ಹುಡುಗ ಆಗ್ತಿಯೇನು?" ಅಂದಾಗ ಈ ವಯಸ್ಸಿನವರು ಹೆಚ್ಚು ಕೈಜೋಡಿಸಿದ್ದು 2014ರ ಒಂದು ಅಧ್ಯಯನದಲ್ಲಿ ಕಂಡಿತು. ಆದರೆ 2018ರ ಇನ್ನೊಂದು ಅಧ್ಯಯನ ಅದರ ಮತ್ತೊಂದು ಮುಖ ತೋರಿಸಿತು: ಸಹಾಯ ಮಾಡಲು ಹೋಗಿ ಕೆಲಸ ಕೆಟ್ಟಾಗ, ಹಾಗೆ ಬಿರುದು ಪಡೆದ ಮಕ್ಕಳೇ ಹೆಚ್ಚು ಹಿಂಜರಿದರು. ನೀರಿನ ತಂಬಿಗೆ ತರುವಾಗ ಚೆಲ್ಲಿದ ಮಗುವಿಗೆ "ನಾ ಸಹಾಯ ಮಾಡೋ ಹುಡುಗ ಅಲ್ಲ" ಅನ್ನಿಸಿಬಿಡುತ್ತದೆ. ಅದಕ್ಕೇ ಬಿರುದನ್ನು ಕರೆಯಲಿಕ್ಕೆ ಬಳಸಿ, ಹೊಗಳುವಾಗ ಮಾತ್ರ ಮಾಡಿದ ಕೆಲಸವನ್ನೇ ಹೇಳಿ: "ಮುತ್ಯಾಗ ನೀರು ತಂದು ಕೊಟ್ಟಿ, ಅವರು ಗುಳಿಗಿ ತಗೊಂಡ್ರು." ಚೆಲ್ಲಿದರೆ ಅರಿವೆ ಕೊಟ್ಟು ಒರೆಸಲು ಕಲಿಸಿ, ಮತ್ತೆ ಅದೇ ತಂಬಿಗೆ ಕೈಗೆ ಕೊಡಿ.

ಹೇಳುವ ಹೊತ್ತು

ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ ಪ್ರಾರ್ಥನೆಯಂತೆ ಹೇಳಿಸುವುದು ಬೇಡ. ದೊಡ್ಡ ಮಕ್ಕಳಿಗೆ ಅದು ನಾಚಿಕೆ, ಸಣ್ಣವರಿಗೆ ಆಟ. ದಿನಾ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಗಂಟು ಹಾಕಿ: ಚಹಾಕ್ಕೆ ನೀರಿಡುವಾಗ, ಬಾಗಿಲ ಮುಂದೆ ರಂಗೋಲಿ ಹಾಕುವಾಗ, ಬೈಕಿನ ಕೀಲಿ ತಿರುಗಿಸುವ ಮೊದಲು, ಸಾಲಿಯ ಬೂಟು ಕಟ್ಟುವಾಗ. ಮೂರು ಸಲ, ತನಗೆ ಮಾತ್ರ ಕೇಳುವಷ್ಟು ದನಿಯಲ್ಲಿ. ಬಿಸಿ ಗಳಿಗೆ ಸಂಜೆಯದಾದರೆ ಅದಕ್ಕೆ ಹತ್ತು ನಿಮಿಷ ಮೊದಲು, ಹಿಟ್ಟು ನಾದುವಾಗ, ಇನ್ನೊಂದು ಸಲ. ಮೂರು ವಾರಕ್ಕೆ ಮುಂಚೆ ಮಾತು ಬದಲಿಸಬೇಡಿ. ದಿನಕ್ಕೊಂದು ಹೊಸ ಮಾತು ಕಳಿಸುವ ಮೊಬೈಲ್ ಆ್ಯಪ್‌ಗಳು ಈ ಕೆಲಸಕ್ಕೆ ಬಾರವು. ಮಾತು ನಾಲಿಗೆಗೆ ರೂಢಿಯಾಗುವ ಮೊದಲೇ ಬದಲಾಗಿರುತ್ತದೆ.

ವಹಿ

ಇನ್ನೂರು ಪುಟದ, ಗೆರೆ ಹಾಕಿದ ಸಾದಾ ಉದ್ದ ವಹಿ ಒಂದು ಸಾಕು. ಪೆನ್ನನ್ನು ದಾರದಿಂದ ವಹಿಗೆ ಕಟ್ಟಿ. ಪೆನ್ನು ಹುಡುಕುವುದರಲ್ಲಿ ನಿಂತುಹೋಗುವ ವಹಿಗಳು ಬಹಳ. ಕೂತಲ್ಲೇ ಕೈಗೆ ಸಿಗುವಂತೆ, ಊಟಕ್ಕೆ ಕೂರುವ ಕಡೆ ಗೋಡೆಯ ಗೂಡಿನಲ್ಲಿ ಇಡಿ. ಇದು ಎಲ್ಲರ ವಹಿ: ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಓದಬಹುದು. ಇದಲ್ಲದೆ, ಬರೆಯಲು ಇಷ್ಟವಿರುವ ಒಬ್ಬೊಬ್ಬರಿಗೆ ನಲವತ್ತು ಪುಟದ ಒಂದೊಂದು ಸಣ್ಣ ವಹಿ ಬೇರೆ. ಅದು ಖಾಸಗಿ. ಹತ್ತು ವರ್ಷದ ಮಗುವಿನದಾದರೂ ಕೇಳದೆ ತೆರೆಯಬಾರದು. ಈ ಎರಡನ್ನು ಒಂದೇ ಮಾಡಬೇಡಿ. ಎಲ್ಲರ ವಹಿಯಲ್ಲಿ ಸಿಟ್ಟು ಬರೆದರೆ ಓದಿದವರಿಗೆ ನೋವು. ಸಿಟ್ಟು ಬರೆಯಲು ಎಲ್ಲೂ ಜಾಗವಿಲ್ಲದಿದ್ದರೆ ಎಲ್ಲರ ವಹಿ ಬರೀ ತೋರಿಕೆಯದಾಗುತ್ತದೆ.

ರಾತ್ರಿ ಊಟವಾದ ಮೇಲೆ, ತಟ್ಟೆ ತೆಗೆಯುವ ಮುಂಚೆ, ಮೂರು ಸಾಲು. ಒಂದು: ಇಂದು ಮನೆಯವರಲ್ಲಿ ಯಾರು, ನನಗಾಗಿ ಏನು ಮಾಡಿದರು, ಅದರಿಂದ ನನಗೇನು ಹಗುರಾಯಿತು. ಎರಡು: ನನ್ನ ಮಾತು ಎಲ್ಲಿ ನಡೆಯಿತು. ಮೂರು: ಎಲ್ಲಿ ಜಾರಿತು, ನಾಳೆ ಏನು ಮಾಡುತ್ತೇನೆ. ಒಂದು ಪುಟ ಹೀಗಿರಬಹುದು:

"ಬುಧವಾರ. ಕಾಕಾ ಬಿಸಲಾಗ ಹೋಗಿ ರೇಷನ್ ತಂದಾರ. ಅದಕ್ಕ ನನಗ ಅವ್ವನ್ನ ದವಾಖಾನಿಗಿ ಕರ್ಕೊಂಡು ಹೋಗ್ಲಾಕ ಆಯ್ತು.
ಮಗ ಲೆಕ್ಕ ತಪ್ಪು ಮಾಡ್ದಾಗ ಸರಿ ಇದ್ದದ್ದು ಎರಡು ಮೊದಲ ತೋರಸ್ದೆ.
ರೊಟ್ಟಿ ಹೊತ್ತಿನ್ಯಾಗ ಮಗಳಿಗಿ ಒದರ್ದೆ. ನಾಳಿ ಅಕಿ ಕರದ್ರ ‘ಐದು ರೊಟ್ಟಿ ಆಗ್ಲಿ, ಬರ್ತೀನಿ’ ಅಂತೀನಿ."

ಮೊದಲ ಸಾಲಿನಲ್ಲಿ ಹೆಸರಿದೆ, ಕೆಲಸವಿದೆ, ಬಿಸಿಲಿದೆ, ಆ ಕೆಲಸದಿಂದ ಸಾಧ್ಯವಾದ ಇನ್ನೊಂದು ಕೆಲಸವಿದೆ. ಕಾಕಾ ಇದನ್ನು ಓದಿದರೆ ತಾನು ಹೋಗಿಬಂದದ್ದು ಯಾರ ಕಣ್ಣಿಗಾದರೂ ಬಿತ್ತು ಎಂದು ಅವರಿಗೆ ಗೊತ್ತಾಗುತ್ತದೆ. "ಎಲ್ಲರಿಗೂ ಎಲ್ಲದಕ್ಕೂ ಧನ್ಯವಾದ" ಎಂದು ಬರೆದಿದ್ದರೆ ಯಾರಿಗೂ ಏನೂ ಮುಟ್ಟುತ್ತಿರಲಿಲ್ಲ. ಮೂರನೆಯ ಸಾಲಿನ ಗುಟ್ಟು ಆ "ಐದು ರೊಟ್ಟಿ". "ಆಮ್ಯಾಲ ಬಾ" ಅಂದರೆ ಮಗುವಿಗೆ ಎಷ್ಟು ಹೊತ್ತು ಎಂದು ತಿಳಿಯದು, ಮತ್ತೆ ಮತ್ತೆ ಬಂದು ಸೆರಗು ಎಳೆಯುತ್ತದೆ. ಐದು ರೊಟ್ಟಿಯನ್ನು ಅದು ಹಂಚಿನ ಮುಂದೆ ಕೂತು ಎಣಿಸಬಲ್ಲದು. ತಪ್ಪಿನ ಸಾಲಿನಲ್ಲಿ "ನಾ ಕೆಟ್ಟ ತಾಯಿ" ಎಂಬ ತೀರ್ಪಿಲ್ಲ, ನಾಳೆಯ ಒಂದು ಉಪಾಯವಿದೆ. ಬರೆಯುವವರು ತಮ್ಮ ತಪ್ಪನ್ನು ಮಾತ್ರ ಬರೆಯಬೇಕು, ಇನ್ನೊಬ್ಬರದಲ್ಲ. ಈ ನಿಯಮಕ್ಕೆ ವಿನಾಯಿತಿ ಇಲ್ಲ.

ಅಕ್ಷರ ಬಾರದ ಆಯಿ-ಮುತ್ಯಾ ಹೇಳಲಿ, ಮೊಮ್ಮಗಳು ಬರೆಯಲಿ. ಅವರು ಅಂದದ್ದನ್ನು ತಿದ್ದದೆ, ಅವರ ಮಾತಿನಲ್ಲೇ. ಬರೆದ ಮೇಲೆ ಒಮ್ಮೆ ಓದಿ ಕೇಳಿಸಿ. ಇದರಲ್ಲಿ ಇನ್ನೊಂದು ಲಾಭವಿದೆ: ಹಿರಿಯರು ತನ್ನ ಅವ್ವನನ್ನು ಮೆಚ್ಚಿ ಆಡಿದ ಮಾತನ್ನು ಮೊಮ್ಮಗಳು ತನ್ನ ಕೈಯಿಂದ ಬರೆಯುತ್ತಾಳೆ. ಇನ್ನೂ ಅಕ್ಷರ ಕಲಿಯದ ಮಕ್ಕಳು ಚಿತ್ರ ಬಿಡಿಸಲಿ.

ಗುಳೆ ಹೋದವರದ್ದು ಬೇರೆ ವ್ಯವಸ್ಥೆ. ಸುಗ್ಗಿ ಮುಗಿದ ಮೇಲೆ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋದ ಅಪ್ಪ-ಅವ್ವನ ಹೆಸರಿಗೆ ವಹಿಯ ಬಲಗಡೆಯ ಪುಟ ಬಿಡಿ. ಮಕ್ಕಳು ಎಡಗಡೆ ಬರೆದದ್ದನ್ನು ವಾರಕ್ಕೊಮ್ಮೆ ವಾಟ್ಸಾಪ್‌ನಲ್ಲಿ ಓದಿ ಕಳಿಸಲಿ, ಒಂದು ನಿಮಿಷದೊಳಗೆ. ಅವರು ಅಲ್ಲಿಂದ ದನಿಯಲ್ಲಿ ಕಳಿಸಿದ ಉತ್ತರವನ್ನು ಮನೆಯಲ್ಲಿದ್ದವರು ಬಲ ಪುಟಕ್ಕೆ ಇಳಿಸಲಿ. ಫೋನು ಕೆಟ್ಟರೆ ದನಿ ಹೋಗುತ್ತದೆ, ಪುಟ ಉಳಿಯುತ್ತದೆ. ಆ ಒಂದು ನಿಮಿಷದಲ್ಲಿ ರೊಕ್ಕದ ಮಾತು, ಅಂಕದ ಮಾತು ಬರಬಾರದು. ಅದಕ್ಕೆ ಬೇರೆ ಕರೆ ಮಾಡಿ.

ದಿನಾ ಬರೆಯಲೇಬೇಕೇ? ಬೇಡ. ಕೃತಜ್ಞತೆಯ ಪಟ್ಟಿಯ ಬಗ್ಗೆ ಹೆಸರಾದ ಎಮನ್ಸ್ ಮತ್ತು ಮೆಕಲಫ್ ಅವರ 2003ರ ಪ್ರಯೋಗಗಳಲ್ಲಿ ಒಂದು ಗುಂಪು ವಾರಕ್ಕೊಮ್ಮೆ ಐದು ಸಂಗತಿ ಬರೆಯುತ್ತಿತ್ತು, ಅಷ್ಟರಿಂದಲೇ ಅನುಕೂಲ ಕಂಡಿತು. ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಸಂಗಡಿಗರು 2005ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ವಾರಕ್ಕೊಮ್ಮೆ ಬರೆದವರಿಗೆ ಸಂತೋಷ ಹೆಚ್ಚಿತು, ವಾರಕ್ಕೆ ಮೂರು ಸಲ ಬರೆದವರಿಗೆ ಹೆಚ್ಚಲಿಲ್ಲ. ದಿನಾ ಅದೇ ಬರೆದರೆ ಕೈ ಬರೆಯುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ. ನಮ್ಮ ಸಲಹೆ: ಎರಡನೆಯ, ಮೂರನೆಯ ಸಾಲನ್ನು ಮೊದಲ ಮೂರು ವಾರ ದಿನಾ ಬರೆಯಿರಿ, ಅದು ರೂಢಿಗೆ. ಮೆಚ್ಚುಗೆಯ ಮೊದಲ ಸಾಲು ನಿಜವಾಗಿ ಕಂಡ ದಿನ ಮಾತ್ರ ಸಾಕು. ವಾರಕ್ಕೆ ಒಂದೆರಡಾದರೂ ಕಂಡೇ ಕಾಣುತ್ತದೆ. ಸುರಪುರ, ಶಹಾಪುರ ಕಡೆ ಹತ್ತಿ ಬಿಡಿಸುವ ದಿನಗಳಲ್ಲಿ, ತೊಗರಿ ರಾಶಿಯ ಹೊತ್ತಿನಲ್ಲಿ, ದಣಿದು ಬಂದವರ ಕೈಗೆ ಪೆನ್ನು ಕೊಡಬೇಡಿ. ಅಮಾವಾಸ್ಯೆ, ಸೋಮವಾರ, ಶುಕ್ರವಾರ, ನಿಮ್ಮಲ್ಲಿ ಯಾವ ದಿನ ಎತ್ತಿಗೆ ಇಲ್ಲವೇ ಆಳಿಗೆ ಬಿಡುವೋ ಅಂದು ಒಂದೇ ಸಲ ಕೂಡಿ ಬರೆಯಿರಿ.

ಖಾಸಗಿ ವಹಿಯಲ್ಲಿ ಸಿಟ್ಟು

ಸಿಟ್ಟನ್ನು ಬರೆದು ಹೊರಹಾಕುವುದಕ್ಕೂ ಅಳತೆ ಬೇಕು. ಅಮೆರಿಕದ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಮಾಡಿದ ಮೊದಲ ಪ್ರಯೋಗದಲ್ಲಿ ಜನ ನೋವಿನ ಸಂಗತಿಯನ್ನು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆದರು. ಬರೆದ ಕೂಡಲೇ ಮನಸ್ಸು ಭಾರವಾಯಿತು, ಒಳ್ಳೆಯದು ಕಂಡದ್ದು ತಿಂಗಳುಗಳ ಮೇಲೆ. ಇದರಿಂದ ಮನೆಗೆ ತೆಗೆದುಕೊಳ್ಳುವ ಪಾಠ ಮೂರು. ಗಡಿಯಾರ ಇಟ್ಟುಕೊಂಡು 15 ನಿಮಿಷಕ್ಕೆ ನಿಲ್ಲಿಸಿ. ಬರೆದ ಕೂಡಲೇ ಆ ವ್ಯಕ್ತಿಯ ಜತೆ ಮಾತಿಗೆ ಇಳಿಯಬೇಡಿ, ಆಗ ಗಾಯ ಹಸಿಯಾಗಿರುತ್ತದೆ. ಅಂಗಳಕ್ಕೆ ಹೋಗಿ ಬನ್ನಿ, ಕೈಕಾಲು ಮುಖ ತೊಳೆಯಿರಿ. ಅದೇ ಸಂಗತಿಯನ್ನು ನಾಲ್ಕು ದಿನಕ್ಕಿಂತ ಹೆಚ್ಚು ಬರೆಯಬೇಡಿ. ಐದನೇ ದಿನವೂ ಅದೇ ಸಾಲು ಬರುತ್ತಿದ್ದರೆ ಅದು ಹೊರಹಾಕುವುದಲ್ಲ, ಮೆಲುಕು ಹಾಕುವುದು.

ಗಂಡ-ಹೆಂಡಿರ ಜಗಳಕ್ಕೆ ಇನ್ನೊಂದು ಬಗೆಯ ಬರಹ ಹೆಚ್ಚು ಫಲ ಕೊಡುತ್ತದೆ. ಎಲಿ ಫಿಂಕೆಲ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 120 ದಂಪತಿಗಳನ್ನು ಎರಡು ವರ್ಷ ನೋಡಿದರು. ಎರಡನೇ ವರ್ಷ ಅರ್ಧ ದಂಪತಿಗಳು ನಾಲ್ಕು ತಿಂಗಳಿಗೊಮ್ಮೆ ಏಳೇ ನಿಮಿಷ, ಇಬ್ಬರಿಗೂ ಒಳ್ಳೆಯದು ಬಯಸುವ ಮೂರನೆಯವರ ಕಣ್ಣಿನಿಂದ ತಮ್ಮ ಜಗಳವನ್ನು ಬರೆದರು. ವರ್ಷಕ್ಕೆ ಒಟ್ಟು 21 ನಿಮಿಷ. ಬರೆಯದವರ ದಾಂಪತ್ಯದ ತೃಪ್ತಿ ಇಳಿಯುತ್ತಲೇ ಹೋಯಿತು, ಬರೆದವರದು ಇಳಿಯುವುದು ನಿಂತಿತು. ನಮ್ಮ ಊರುಗಳಲ್ಲಿ ಆ ಮೂರನೆಯವರನ್ನು ಕಲ್ಪಿಸಿಕೊಳ್ಳುವುದು ಸುಲಭ: ಎರಡೂ ಕಡೆ ಬೇಕಾದ ಹಿರೀಕ, ಗುಡಿಯ ಕಟ್ಟೆಯ ಮೇಲೆ ಕೂತು ಕೇಳಿಸಿಕೊಳ್ಳುವವರು. ಅವರು ಇದನ್ನು ಹೇಗೆ ಹೇಳುತ್ತಿದ್ದರು? ಅವರ ಕಣ್ಣಿಗೆ ಇದರಲ್ಲಿ ಯಾವ ಒಳ್ಳೆಯದು ಕಂಡೀತು? ಅವರ ಕಣ್ಣಿನಿಂದ ನೋಡಲು ನನಗೆ ಅಡ್ಡ ಬರುವುದು ಏನು, ಮುಂದಿನ ಸಲ ಅದನ್ನು ದಾಟುವುದು ಹೇಗೆ? ಈ ಮೂರು ಪ್ರಶ್ನೆ, ಏಳು ನಿಮಿಷ. "ನಾನು" ಎಂದು ಬರೆಯುವ ಕಡೆ ನಿಮ್ಮ ಹೆಸರನ್ನೇ ಬರೆದರೆ ಕೈ ತಾನಾಗಿ ಸ್ವಲ್ಪ ದೂರ ಸರಿಯುತ್ತದೆ. ಬರೆದದ್ದನ್ನು ಇಟ್ಟುಕೊಳ್ಳಬೇಕೆಂದಿಲ್ಲ, ಹರಿದು ಒಲೆಗೆ ಹಾಕಬಹುದು.

ಎಲ್ಲಿ ಕೆಡುತ್ತದೆ

ವಹಿ ಸಾಕ್ಷಿಯಾದಾಗ ಕೆಡುತ್ತದೆ. ಜಗಳದ ನಡುವೆ "ನೀನೇ ಬರದಿದ್ದಿ ನೋಡು, ತಪ್ಪು ನಿಂದೇ ಅಂತ" ಎಂದು ಯಾರಾದರೂ ಒಂದು ಸಲ ಪುಟ ತಿರುವಿದರೆ, ಆ ಮನೆಯಲ್ಲಿ ಮೂರನೇ ಸಾಲು ಮತ್ತೆ ಯಾರೂ ನಿಜವಾಗಿ ಬರೆಯುವುದಿಲ್ಲ. ಮೊದಲ ದಿನವೇ ವಹಿಯ ಮೊದಲ ಪುಟದಲ್ಲಿ ಬರೆದಿಡಿ: "ಇದರಾಗಿನ ಮಾತು ಜಗಳದಾಗ ತರಂಗಿಲ್ಲ." ಎಲ್ಲರೂ ಸಹಿ ಹಾಕಲಿ, ಬಾರದವರು ಹೆಬ್ಬೆಟ್ಟು ಒತ್ತಲಿ.

ಬೀಗರು ಬಂದಾಗ ಮಕ್ಕಳಿಂದ ಓದಿಸಿ ಮೆರೆಯುವುದೂ ಕೆಡಿಸುತ್ತದೆ. ಮುಂದಿನ ವಾರದಿಂದ ಆ ಮಗು ಬೀಗರಿಗಾಗಿ ಬರೆಯುತ್ತದೆ. ಅಕ್ಕನ ಪುಟ ತೋರಿಸಿ ತಮ್ಮನಿಗೆ "ನೋಡಿ ಕಲಿ" ಅಂದರೂ ಅಷ್ಟೇ. ಕಾಗುಣಿತ ತಿದ್ದಬೇಡಿ, ಅದಕ್ಕೆ ಸಾಲಿಯ ವಹಿ ಇದೆ.

ಇವೆಲ್ಲಕ್ಕಿಂತ ದೊಡ್ಡ ಕೇಡು ಇನ್ನೊಂದು, ಅದು ಮೆಚ್ಚುಗೆಯ ರೂಪದಲ್ಲೇ ಬರುತ್ತದೆ. ತಿಂಗಳ ಕೊನೆಗೆ ವಹಿಯ ಮೊದಲ ಸಾಲುಗಳನ್ನಷ್ಟೇ ಓದಿ, ಯಾರ ಹೆಸರು ಯಾವ ಕೆಲಸಕ್ಕೆ ಬಂದಿದೆ ಎಂದು ಎಣಿಸಿ. ಅವ್ವನ ಹೆಸರು ಇಪ್ಪತ್ತು ಸಲ ರೊಟ್ಟಿಗೆ, ಅರಿವೆಗೆ, ನೀರಿಗೆ. ಅಪ್ಪನ ಹೆಸರು ಎರಡು ಸಲ, ಐಸ್‌ಕ್ರೀಂ ತಂದದ್ದಕ್ಕೆ. ಹೀಗಿದ್ದರೆ ಆ ವಹಿ ದಯೆ ಕಲಿಸುತ್ತಿಲ್ಲ, ಒಬ್ಬಳ ಬೆನ್ನಿನ ಮೇಲಿನ ಹೊರೆಗೆ ಹೂವು ಏರಿಸುತ್ತಿದೆ. ರೊಟ್ಟಿ ಬಡಿದದ್ದಕ್ಕೆ ಥ್ಯಾಂಕ್ಸ್ ಬರೆದು ತಟ್ಟೆ ಬಿಟ್ಟು ಎದ್ದುಹೋದರೆ ಆ ಥ್ಯಾಂಕ್ಸಿಗೆ ಬೆಲೆ ಇಲ್ಲ. ಉಪಾಯ ಸರಳ: ಒಬ್ಬರ ಒಂದೇ ಕೆಲಸಕ್ಕೆ ಮೂರನೇ ಸಲ ಮೆಚ್ಚುಗೆ ಬರೆಯುವವರು ಆ ಕೆಲಸದ ಒಂದು ಪಾಲನ್ನು ತಾವು ಹೊರಬೇಕು. ಹಿಟ್ಟು ಹಾಕಿಸಿಕೊಂಡು ಬರುವುದು, ಹಂಚಿನ ಮೇಲಿನ ರೊಟ್ಟಿ ತಿರುವಿ ಬೇಯಿಸುವುದು, ಪಾತ್ರೆ ತೊಳೆಯುವುದು, ಯಾವುದಾದರೂ ಸರಿ. ಗಂಡುಮಕ್ಕಳ ಸಂಕಲ್ಪದಲ್ಲಿ ಮನೆಗೆಲಸದ ಒಂದು ಪಾಲಾದರೂ ಇರಲೇಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಇದೇ ಮಾತಿನ ಮುಂದುವರಿಕೆಯಾಗಿ, ವಹಿ ತೆರೆದಿಡುವ, ನೆನಪಿಸುವ, ಬರೆಸುವ ಹೊಣೆಯೂ ಅವ್ವನ ಪಾಲಿಗೇ ಬೀಳದಂತೆ ವಾರಕ್ಕೊಬ್ಬರಿಗೆ ಹಂಚಿ.

ಹೊಡೆತ, ಬೆದರಿಕೆ, ಕುಡಿತದ ಹಿಂಸೆ ಇರುವ ಮನೆಗೆ ಈ ವಿಧಾನ ಹೇಳಿದ್ದಲ್ಲ. ಪೆಟ್ಟು ತಿನ್ನುವವಳಿಗೆ "ತಾಳಿದವನು ಬಾಳಿಯಾನು" ಎಂಬುದನ್ನು ಸಂಕಲ್ಪವಾಗಿ ಕೊಡುವುದು ಅನ್ಯಾಯ. ಅಲ್ಲಿ ಬೇಕಾದದ್ದು ನೆರವು: ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ತುರ್ತಿಗೆ 112. ಅಂಥ ಮನೆಯಲ್ಲಿ ಖಾಸಗಿ ವಹಿ ಸಿಕ್ಕಿಬಿದ್ದರೆ ಅದೇ ಅಪಾಯ, ಬರೆಯದಿರುವುದೇ ಒಳ್ಳೆಯದು. ಹಿಂಸೆ ಇಲ್ಲದಿದ್ದರೂ ಎರಡು ವಾರದಿಂದ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬರೆದಷ್ಟೂ ಮನಸ್ಸು ಮುಳುಗುತ್ತದೆ ಎಂದಾದರೆ ವಹಿ ಮುಚ್ಚಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನಡುವೆ ನಿಂತರೆ

ನಿಲ್ಲುತ್ತದೆ. ಜಾತ್ರೆ, ಮದುವೆ, ಪರೀಕ್ಷೆ, ಊರಿಗೆ ಹೋಗುವುದು ಇದ್ದೇ ಇದೆ. ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಮಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕೆಲಸ ರೂಢಿಯಾಗಲು ಹೆಚ್ಚುಕಡಿಮೆ 66 ದಿನ ಬೇಕಾಯಿತು. ಕೆಲವರಿಗೆ 18ಕ್ಕೇ ಸಾಕಾಯಿತು, ಕೆಲವರಿಗೆ 254 ಬೇಕು ಎಂಬ ಲೆಕ್ಕ ಬಂತು. ನಡುವೆ ಒಂದು ದಿನ ತಪ್ಪಿದರೆ ರೂಢಿ ಕೆಡಲಿಲ್ಲ ಎಂಬುದೂ ಅಲ್ಲೇ ಕಂಡಿತು. ಬಿಟ್ಟ ದಿನಗಳ ಪುಟ ತುಂಬಿಸಲು ಹೋಗಬೇಡಿ, ಇಂದಿನ ತಾರೀಖು ಹಾಕಿ ಮುಂದಿನ ಗೆರೆಯಿಂದ ಬರೆಯಿರಿ. ಎರಡು ವಾರ ನಿಂತಿದ್ದರೆ ಮೂರು ಸಾಲು ಬೇಡ, ಮೊದಲ ಸಾಲೊಂದೇ ಬರೆದು ಮತ್ತೆ ಶುರುಮಾಡಿ. ಮೂರು ವಾರಕ್ಕೂ ಒಬ್ಬರ ಸಂಕಲ್ಪ ಒಮ್ಮೆಯೂ ನಡೆಯದಿದ್ದರೆ ತಪ್ಪು ಅವರದಲ್ಲ, ಮಾತು ದೊಡ್ಡದಾಯಿತು; ಅರ್ಧ ಮಾಡಿ. "ಒಬ್ಬೊಬ್ಬರಿಗಿ ಒಂದೊಂದು ಮಾತು ಕೇಳ್ತೀನಿ" ಎಂಬುದು "ಮಗಳಿಗಿ ಒಂದು ಮಾತು ಕೇಳ್ತೀನಿ" ಆಗಲಿ.

ವರ್ಷಕ್ಕೊಮ್ಮೆ ಎಲ್ಲರ ವಹಿಯನ್ನು ಓದಲು ಎಳ್ಳ ಅಮಾವಾಸ್ಯೆಗಿಂತ ಒಳ್ಳೆಯ ದಿನ ಸಿಗದು. ಭಜ್ಜಿ, ಸಜ್ಜಿ ರೊಟ್ಟಿ, ಕಡುಬು ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿರುತ್ತಾರೆ, ಚರಗ ಚೆಲ್ಲಿ ಊಟವಾದ ಮೇಲೆ ಗಿಡದ ನೆರಳಿಗೆ ಕೂತಿರುತ್ತಾರೆ, ಟಿವಿ ಇರುವುದಿಲ್ಲ. ಒಬ್ಬೊಬ್ಬರು ಒಂದೊಂದು ಪುಟ ಆರಿಸಿ ಓದಲಿ: ತಾವು ಬರೆದದ್ದಲ್ಲ, ಇನ್ನೊಬ್ಬರು ತಮ್ಮ ಬಗ್ಗೆ ಬರೆದದ್ದು. ಸಣ್ಣವರಿಂದ ಶುರುಮಾಡಿ. ಯಾರ ಹೆಸರೂ ಬಿಟ್ಟುಹೋಗದಂತೆ ವಾರ ಮುಂಚೆಯೇ ಒಮ್ಮೆ ವಹಿ ತಿರುವಿ ನೋಡಿ. ಒಬ್ಬರ ಹೆಸರು ಎಲ್ಲೂ ಇಲ್ಲವಾದರೆ ಅವರು ಮಾಡುತ್ತಿರುವುದನ್ನು ಗಮನಿಸಿ ಬರೆಯಲು ಇನ್ನೂ ಏಳು ದಿನ ಕೈಯಲ್ಲಿರುತ್ತವೆ.